ಒಂದು ಸೆಂಟ್ ಎಲ್ಲಿ ಹೋಯ್ತು?

"ಅಳಿಯಾ, ಒಂದು ಸೆಂಟ್ ಎಲ್ಲಿ ಹೋತು?"

2024ರ ಜೂನ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಊರಿಂದ ಮಾಮ ಫೋನ್ ಮಾಡಿ ಕೇಳಿದ ಮೊದಲ ಮಾತು ಇದು. ನಾನು ಆಗ ಆಫೀಸಿನಲ್ಲಿ ಮೀಟಿಂಗ್ ನಡುವೆ ಇದ್ದೆ. ಸೆಂಟ್ ಅಂದ್ರೆ ಅತ್ತರಿನ ಬಾಟ್ಲಿ ಇರ್ಬೇಕು, ಅತ್ತೆ ಎಲ್ಲೋ ಎತ್ತಿಟ್ಟಿರ್ಬೇಕು ಅಂದುಕೊಂಡು "ಆಮೇಲೆ ಮಾಡ್ತೀನಿ ಮಾಮ" ಅಂದುಬಿಟ್ಟೆ. ನಗಬೇಡಿ, ಬೆಂಗಳೂರಿಗೆ ಬಂದು ಏಳು ವರ್ಷ ಆದ್ಮೇಲೆ ಹೀಗೇ ಆಗೋದು :-)

ಮಾಮ ಕೇಳಿದ್ದು ನೆಲದ ಸೆಂಟ್. ಇದನ್ನ ಹೇಳೋಕೆ ಮುಂಚೆ ನಮ್ಮೂರಿನ ಬಗ್ಗೆ ಎರಡು ಮಾತು. ನಮ್ಮದು ಅರಸೀಕೆರೆ. ತೆಂಗಿನಕಾಯಿ, ರೈಲ್ವೆ ಜಂಕ್ಷನ್ ಇರೋ ಹಾಸನ ಜಿಲ್ಲೆಯ ಅರಸೀಕೆರೆ ಅಲ್ಲ. ನಾವು ಹರಪನಹಳ್ಳಿ ತಾಲೂಕಿನ ಅರಸೀಕೆರೆಯವರು, ಉಚ್ಚಂಗಿದುರ್ಗದ ಕಡೆಯವರು. ಪ್ರತಿ ಸಲ ಇದನ್ನ ಬಿಡಿಸಿ ಹೇಳೋದು ನಮ್ಮ ಹಣೆಬರಹ. ಹಣೆಬರಹದಲ್ಲಿ ಇನ್ನೂ ಒಂದು ಗೊಂದಲ ಇದೆ: ಜಿಲ್ಲೆ. ಹರಪನಹಳ್ಳಿ ಮೊದಲು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ, ಅಂದ್ರೆ ನಾನು ಹುಟ್ಟಿದ ವರ್ಷ, ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದ್ರು. 2018ರಲ್ಲಿ ವಾಪಸ್ ಬಳ್ಳಾರಿ. 2021ರಲ್ಲಿ ವಿಜಯನಗರ. ನಾವು ಕೂತಲ್ಲೇ ಕೂತಿದ್ವಿ, ಜಿಲ್ಲೆಗಳೇ ನಮ್ಮ ಮೇಲೆ ಓಡಾಡಿದವು.

ಈ ಓಡಾಟದ ಒಂದು ಗುರುತು ನೆಲದ ಲೆಕ್ಕದಲ್ಲಿ ಉಳಿದಿದೆ. ದಾವಣಗೆರೆ ಕಡೆಯವರು ಎಕರೆ-ಗುಂಟೆ ಅಂತಾರೆ, ನಲವತ್ತು ಗುಂಟೆಗೆ ಒಂದು ಎಕರೆ. ನಮ್ಮ ಬಳ್ಳಾರಿ ಸೀಮೆಯಲ್ಲಿ ಮದರಾಸಿನ ಕಾಲದ ಎಕರೆ-ಸೆಂಟ್ಸ್, ನೂರು ಸೆಂಟ್ಸಿಗೆ ಒಂದು ಎಕರೆ. ಎರಡೂವರೆ ಸೆಂಟ್ಸ್ ಒಂದು ಗುಂಟೆ. ಒಂದು ಸೆಂಟ್ ಅಂದ್ರೆ 435.6 ಚದರ ಅಡಿ. ಬೆಂಗಳೂರಿನಲ್ಲಿ ಅಷ್ಟರಲ್ಲೇ ಒಂದು ಮನೆ ಕಟ್ಟಿ ಬಾಡಿಗೆಗೆ ಕೊಡ್ತಾರೆ.

ಮಾಮ ಐಟಿಐ ಡ್ರಾಫ್ಟ್ಸ್‌ಮನ್. 1998ರಲ್ಲಿ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಆಟೋಕ್ಯಾಡ್ ರಿಲೀಸ್ 14 ಕಲಿತವರು. ಆಮೇಲೆ ಊರಲ್ಲೇ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮನೆ ಪ್ಲಾನು, ಎಸ್ಟಿಮೇಟು, ಲೇಔಟು ಮಾಡಿಕೊಂಡು ಬಂದಿದ್ದಾರೆ. ಇವುಗಳ ಜೊತೆ ಅವರ ಹತ್ರ ಬರೋ ಇನ್ನೊಂದು ಕೆಲಸ ಅಣ್ಣತಮ್ಮಂದಿರ ಭಾಗ. ಸರ್ಕಾರಿ ಲೆಕ್ಕದ ನಕ್ಷೆ ಬೇರೆ. ಅದಕ್ಕೆ ಮೋಜಿಣಿಯಲ್ಲಿ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆದು 11-ಇ ನಕ್ಷೆ ಆಗ್ಬೇಕು. ಆದ್ರೆ ಅಲ್ಲಿಗೆ ಹೋಗೋ ಮುಂಚೆ ಮನೆಯೊಳಗೆ ಮಾತು ಮುಗಿದಿರ್ಬೇಕಲ್ಲ? ಯಾರಿಗೆ ಬಾವಿ ಕಡೆ, ಯಾರಿಗೆ ರಸ್ತೆ ಕಡೆ ಅಂತ. ಆ ಮಾತಿಗೆ ಮಾಮನ ನಕ್ಷೆ. ಹಿರಿಯರು ಕೂತು, ಹಾಳೆ ಹರಡಿ, ಒಪ್ಪಿಗೆ ಅಂದ್ರೆ ಅಲ್ಲೇ ರುಜು ಹಾಕ್ತಾರೆ.

ಇಲ್ಲಿಂದ ನನ್ನ ಕಸುಬಿನ ಕಥೆ ಶುರು. ಬೇಜಾರಾದ್ರೆ ಒಂದೆರಡು ಪ್ಯಾರಾ ಹಾರಿಸಿ ಮುಂದೆ ಹೋಗಿ, ಆದ್ರೆ ಪೂರ್ತಿ ಬಿಟ್ಟು ಹೋಗಬೇಡಿ.

ಕ್ಯಾಡ್ ತಂತ್ರಾಂಶದಲ್ಲಿ ಎಳೆದ ಗೆರೆಗೆ ತನ್ನ ಉದ್ದ ಗೊತ್ತಿರುತ್ತೆ, ಮುಚ್ಚಿದ ಆಕಾರಕ್ಕೆ ತನ್ನ ವಿಸ್ತೀರ್ಣ ಗೊತ್ತಿರುತ್ತೆ. ಆದ್ರೆ "ಮೂರು ಭಾಗದ ವಿಸ್ತೀರ್ಣ ತೆಗೆದು, ಸೆಂಟ್ಸಿಗೆ ಇಳಿಸಿ, ಹೆಸರಿನ ಜೊತೆ ಪಟ್ಟಿ ಹಾಕು" ಅನ್ನೋ ಆಜ್ಞೆ ಯಾವ ಕಂಪನಿಯೂ ಮಾಡಿ ಕೊಡಲ್ಲ. ಅಮೆರಿಕಾದಲ್ಲಿ ಕೂತವರಿಗೆ ಹರಪನಹಳ್ಳಿಯ ಸೆಂಟ್ಸು ಯಾಕೆ ಬೇಕು? ಅದಕ್ಕೇ ಬಳಸುವವರೇ ಹೊಸ ಆಜ್ಞೆ ಬರೆದುಕೊಳ್ಳಲಿ ಅಂತ ಒಂದು ಭಾಷೆ ಒಳಗೇ ಇಡ್ತಾರೆ. ಆಟೋಕ್ಯಾಡ್ ಬಂದದ್ದು 1982ರಲ್ಲಿ. ಅದರೊಳಗೆ ಆಟೋಲಿಸ್ಪ್ ಬಂದದ್ದು 1986ರಲ್ಲಿ. ಲಿಸ್ಪ್ ಅನ್ನೋ ಮೂಲಭಾಷೆ ಇನ್ನೂ ಹಳೇದು, 1958ರಲ್ಲಿ ಜಾನ್ ಮೆಕಾರ್ಥಿ ಹುಟ್ಟುಹಾಕಿದ್ದು. ನೋಡಿದ್ರೆ ಬರೀ ಕಂಸಗಳ ಸಂತೆ. ಕಂಪೈಲ್ ಮಾಡೋ ಗೊಡವೆ ಇಲ್ಲ. ನೋಟ್‌ಪ್ಯಾಡಿನಲ್ಲಿ ಬರೆದು, ಲೋಡ್ ಮಾಡಿ, ಹೆಸರು ಒತ್ತಿದ್ರೆ ಆಯ್ತು. ತಪ್ಪಿದ್ರೆ ಅಲ್ಲೇ ತಿದ್ದಿ ಮತ್ತೆ ಲೋಡ್ ಮಾಡೋದು.

ಮಾಮ ಇದನ್ನ ಒಂದು ಹೆಲ್ಪ್ ಫೈಲ್ ಮತ್ತು ಯಾರೋ ಕೊಟ್ಟ ನಾಲ್ಕು ಉದಾಹರಣೆ ಇಟ್ಟುಕೊಂಡು ಕಲಿತರು. ಅವರ ಮೊದಲ ತಪ್ಪಿನ ಕಥೆ ನನಗೆ ಬಾಯಿಪಾಠ. ಏಳು ಎಕರೆಯನ್ನ ಮೂರರಿಂದ ಭಾಗಿಸಿದ್ರೆ ಲಿಸ್ಪ್ "2" ಅಂತು. ಯಾಕಂದ್ರೆ ಎರಡೂ ಪೂರ್ಣಾಂಕ ಆದ್ರೆ ಅದು ಶೇಷ ಬಿಸಾಕಿ ಉತ್ತರ ಕೊಡುತ್ತೆ. "ಒಂದ್ ಎಕರೆ ಗುಳುಂ ಮಾಡ್ತಲೇ ಮಗನ್ದು" ಅಂತ ಮಾಮ ಈಗಲೂ ನಗ್ತಾರೆ. ಮೂರರ ಬದಲು 3.0 ಅಂತ ಬರೆಯಬೇಕು ಅಂತ ಕಂಡುಹಿಡಿಯೋಕೆ ಅವರಿಗೆ ಎರಡು ದಿನ ಬೇಕಾಯ್ತಂತೆ. ನನಗೆ ಇಂಜಿನಿಯರಿಂಗ್ ಮೂರನೇ ಸೆಮಿಸ್ಟರಿನಲ್ಲಿ ಮೇಷ್ಟ್ರು ಹೇಳಿಕೊಟ್ರೂ ಪರೀಕ್ಷೆ ಮುಗಿದ ಮೇಲೆ ಮರೆತಿತ್ತು.

ಹೀಗೆ ಇಪ್ಪತ್ತು ವರ್ಷ ಒಂದೊಂದೇ ಸಾಲು ಸೇರಿ "ಭಾಗ" ಅನ್ನೋ ಒಂದು ಫೈಲ್ ಆಯ್ತು. ನೂರೈವತ್ತು ಸಾಲು ಇರಬಹುದು. ನಡುನಡುವೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಟಿಪ್ಪಣಿಗಳು.

ನಾನು ಬೆಂಗಳೂರಿನಲ್ಲಿ ಮಾಡೋ ಕೆಲಸವೂ ಇದೇ, ಆದ್ರೆ ದೊಡ್ಡ ಪ್ರಮಾಣದಲ್ಲಿ. ಆಟೋಕ್ಯಾಡಿಗೆ ಪ್ಲಗಿನ್ ಬರೆಯೋದು, ಸಿ-ಶಾರ್ಪ್‌ನಲ್ಲಿ. ಲಿಸ್ಪ್ ಆದ್ಮೇಲೆ ಸಿ++ನಲ್ಲಿ ಬರೆಯೋ ದಾರಿ ಬಂತು, ರಿಲೀಸ್ 14ರ ಹೊತ್ತಿಗೆ ವಿಬಿಎ ಬಂತು, 2000ರ ದಶಕದ ನಡುವೆ ಡಾಟ್‌ನೆಟ್ ಬಂತು. ವಿಬಿಎಯನ್ನ 2010ರ ಆವೃತ್ತಿಯಿಂದ ಹೊರಗಿಟ್ಟರು, ಬೇಕಾದವರು ಬೇರೆ ಇಳಿಸಿಕೊಳ್ಳಬೇಕು. ಡಾಟ್‌ನೆಟ್ ನಿಜಕ್ಕೂ ಒಳ್ಳೇದು, ಸುಮ್ಮನೆ ಹಳೇದನ್ನ ಹೊಗಳೋಕೆ ಬರೀತಿಲ್ಲ. ತಪ್ಪು ಮಾಡಿದ್ರೆ ಓಡಿಸೋ ಮುಂಚೆಯೇ ಕಂಪೈಲರ್ ಬೈಯುತ್ತೆ, ಡೇಟಾಬೇಸಿಗೆ ಜೋಡಿಸಬಹುದು, ಹತ್ತು ಜನ ಒಂದೇ ಕೋಡಿನಲ್ಲಿ ಕೆಲಸ ಮಾಡಬಹುದು. ಸಾವಿರಾರು ನಕ್ಷೆಗಳನ್ನ ರಾತ್ರಿಯಿಡೀ ಪರೀಕ್ಷೆ ಮಾಡೋ ಕೆಲಸವನ್ನ ನಾನು ಲಿಸ್ಪಿನಲ್ಲಿ ಬರೆಯೋಕೆ ಹೋಗಲ್ಲ.

2023ರ ದೀಪಾವಳಿಗೆ ಊರಿಗೆ ಹೋದಾಗ ಮಾಮನ ಫೈಲ್ ತೆರೆದು ನೋಡಿದೆ. ನೋಡಿ ನಗು ಬಂತು, ಈಗ ಹೇಳೋಕೆ ನಾಚಿಕೆ. ವೇರಿಯಬಲ್ಲುಗಳ ಹೆಸರು ಎ1, ಎ2, ಎ3. ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಕ್ಲಿಕ್ ಮಾಡಬೇಕು. ಕನ್ನಡದ ಹೆಸರುಗಳೆಲ್ಲ ನುಡಿ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ್ರೆ ಅಜ್ಜನ ಹೆಸರು ಇಂಗ್ಲಿಷಿನ ಕಸ ಆಗಿ ಕಾಣುತ್ತೆ. "ಮಾಮ, ಇದನ್ನ ನಾನು ಹೊಸದಾಗಿ ಬರೆದುಕೊಡ್ತೀನಿ" ಅಂದೆ. ಹಬ್ಬದ ಮೂರು ದಿನ ಕೂತು ಬರೆದೆ. ಯುನಿಕೋಡ್ ಕನ್ನಡ, ಚೆಂದದ ಕಿಟಕಿ, ಪಹಣಿಯಂತೆ ಒಟ್ಟು ವಿಸ್ತೀರ್ಣದ ಸಾಲು, ಮೂರೂ ಭಾಗವನ್ನ ಒಂದೇ ಸಲ ಬಳಸಿ ಆರಿಸಿಕೊಳ್ಳೋ ಸೌಲಭ್ಯ. ಲಿಸ್ಪಿನಲ್ಲಿದ್ದ ಒಂದು ವಿಚಿತ್ರ ಸಾಲನ್ನೂ ತೆಗೆದುಹಾಕಿದೆ: ಕೊನೆಯ ಭಾಗವನ್ನ ಅಳೆಯದೆ, ಒಟ್ಟಿನಲ್ಲಿ ಉಳಿದ ಭಾಗಗಳನ್ನ ಕಳೆದು ಬರೆದಿದ್ರು. ಇದು ಪಕ್ಕಾ ಅಡ್ಡದಾರಿ, ಎಲ್ಲವನ್ನೂ ಒಂದೇ ರೀತಿ ಅಳೆಯಬೇಕು ಅಂತ ನನ್ನ ಇಂಜಿನಿಯರ್ ಬುದ್ಧಿ ಹೇಳ್ತು. ಆ ಸಾಲಿನ ಪಕ್ಕ ಮಾಮ ಇಂಗ್ಲಿಷ್ ಅಕ್ಷರದಲ್ಲಿ ಏನೋ ಬರೆದಿದ್ರು. ಓದಲಿಲ್ಲ.

ಮಾಮನಿಗೆ ಖುಷಿಯೋ ಖುಷಿ. ಅಂಗಡಿಗೆ ಬಂದವರಿಗೆಲ್ಲ "ನಮ್ಮ ಅಳಿಯ ಮಾಡ್ಯಾನ" ಅಂತ ಕಿಟಕಿ ತೆರೆದು ತೋರಿಸೋರು. ಹರಪನಹಳ್ಳಿಯ ಒಬ್ಬ ಇಂಜಿನಿಯರ್ ಜೊತೆ ಪಾಲಿನಲ್ಲಿ ತೆಗೆದುಕೊಂಡ ಆಟೋಕ್ಯಾಡ್ 2024 ಅವರ ಹತ್ರ ಇತ್ತು, ನನ್ನ ಡಿಎಲ್‌ಎಲ್ ಅದರಲ್ಲಿ ಸರಾಗವಾಗಿ ಓಡ್ತಿತ್ತು. ಏಳು ತಿಂಗಳು ಏನೂ ತೊಂದರೆ ಇಲ್ಲ.

ಆಮೇಲೆ ಆ ಮಂಗಳವಾರ.

ಮೂವರು ಅಣ್ಣತಮ್ಮಂದಿರು, ಏಳು ಎಕರೆ. ಹಾಳೆಯಲ್ಲಿ ಮೂರು ಸಾಲು: 2.33, 2.33, 2.33. ಕೆಳಗೆ ಒಟ್ಟು: 7.00. ಕೊನೆಯ ತಮ್ಮ ಮೊಬೈಲ್ ತೆಗೆದು ಕೂಡಿದ. 6.99. "ಒಂದು ಸೆಂಟ್ ಯಾರ ಕಡೆ ಹೋತು?"

ಲೆಕ್ಕ ಗೊತ್ತಿರೋರಿಗೆ ಇದು ತಮಾಷೆ. ನೆಲ ಎಲ್ಲೂ ಹೋಗಿರ್ಲಿಲ್ಲ. ಒಂದೊಂದು ಭಾಗವೂ 2.3333... ಇತ್ತು, ಎರಡು ದಶಮಾಂಶಕ್ಕೆ ಇಳಿಸಿದಾಗ ತಲಾ 145 ಚದರ ಅಡಿ ಕಾಗದದ ಮೇಲೆ ಮರೆಯಾಗಿತ್ತು, ಅಷ್ಟೇ. ಒಟ್ಟಿನ ಸಾಲನ್ನ ನಾನು ಇಳಿಸೋ ಮುಂಚಿನ ಅಂಕಿಗಳಿಂದ ಕೂಡಿದ್ದೆ, ಹಾಗಾಗಿ ಅಲ್ಲಿ ಸರಿಯಾಗಿ 7.00 ಬಂದಿತ್ತು. ಆದ್ರೆ ಅಪ್ಪ ಸತ್ತು ಆರು ತಿಂಗಳಾದ ಮನೆಯವರು, ಒಬ್ಬರ ಮುಖ ಒಬ್ಬರು ನೋಡದೆ ಕೂತಿರುವಾಗ, ಅವರಿಗೆ ದಶಮಾಂಶದ ಪಾಠ ಮಾಡ್ತೀರಾ?

ಸಂಜೆ ವಾಪಸ್ ಫೋನ್ ಮಾಡಿದಾಗ ನಾನು ಕೊಟ್ಟ ಸಲಹೆ ಏನು ಗೊತ್ತಾ? ಮೂರು ದಶಮಾಂಶ ತೋರಿಸಿದ್ರೆ ಹೇಗೆ ಮಾಮ? ಅವರು ಸುಮ್ಮನಿದ್ದು "ಆಗ 6.999 ಬರ್ತೈತಿ" ಅಂದ್ರು. ಅದನ್ನ ಮಾಡೋಕೂ ನಾನೇ ಕೋಡ್ ಬದಲಾಯಿಸಬೇಕಿತ್ತು. ಆ ವಾರ ಆಫೀಸಿನಲ್ಲಿ ಆಟೋಕ್ಯಾಡ್ 2025ರ ಗಲಾಟೆ. ಆ ಆವೃತ್ತಿ ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ ಬಿಟ್ಟು ಡಾಟ್‌ನೆಟ್ 8ಕ್ಕೆ ಹೋದ್ದರಿಂದ ನಮ್ಮ ಪ್ಲಗಿನ್‌ಗಳನ್ನೆಲ್ಲ ಹೊಸದಾಗಿ ಕಟ್ಟಬೇಕಿತ್ತು. "ಶನಿವಾರ ಮಾಡಿಕೊಡ್ತೀನಿ" ಅಂದೆ.

ಮಾಮ ಶನಿವಾರದವರೆಗೆ ಕಾಯೋ ಹಾಗಿರ್ಲಿಲ್ಲ. ಮರುದಿನ ಬೆಳಿಗ್ಗೆ ಅಣ್ಣತಮ್ಮಂದಿರು ಮತ್ತೆ ಬಂದ್ರು. ಅವರ ಎದುರಿಗೇ ಮಾಮ ಪಟ್ಟಿಯ ಮೇಲೆ ಡಬಲ್ ಕ್ಲಿಕ್ ಮಾಡಿ, ನಡುವಿನವನ ಭಾಗದ 2.33 ಅಳಿಸಿ 2.34 ಅಂತ ಟೈಪ್ ಮಾಡಿದ್ರು. ನಡುವಿನವನಿಗೆ ಗುಡ್ಡದ ಕಡೆಯ ಕಲ್ಲುನೆಲ ಬಂದಿತ್ತು, ಅದಕ್ಕೆ. ಕೊನೆಯ ತಮ್ಮ ಎದ್ದು ನಿಂತ. "ಕಂಪ್ಯೂಟರ್ ಹೇಳಿದ್ದು ಬ್ಯಾರೆ, ನೀವು ಬರದಿದ್ದು ಬ್ಯಾರೆ. ಯಾರು ಹೇಳ್ಯಾರ ಹಿಂಗ್ ಬರಿ ಅಂತ?" ಅಂದು ಹೊರಟೇಹೋದ.

ಇಪ್ಪತ್ತೈದು ವರ್ಷದಲ್ಲಿ ಯಾರೂ ಮಾಮನಿಗೆ ಹಾಗೆ ಅಂದಿರ್ಲಿಲ್ಲ. ಇದನ್ನ ಅವರು ನನಗೆ ಹೇಳಲಿಲ್ಲ, ಅತ್ತೆ ಹೇಳಿದ್ರು. "ರಾತ್ರಿ ಉಂಡಿಲ್ಲಪಾ ಅವ್ರು" ಅಂತ.

ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ಅಂಗಡಿಯಲ್ಲಿ ಮಾಮ ಹಳೇ ಲಿಸ್ಪ್ ಫೈಲ್ ತೆರೆದು, ನಾನು ತೆಗೆದುಹಾಕಿದ್ದ ಸಾಲಿನ ಮೇಲೆ ಬೆರಳಿಟ್ರು. ಪಕ್ಕದ ಟಿಪ್ಪಣಿ: "ಕೊನೆ ಭಾಗ — ಉಳಿದಿದ್ದು. ಮೊದಲೇ ಕೇಳು." ಅದರ ಕೆಳಗಿನ ಸಾಲು ಆಟೋಕ್ಯಾಡಿನ ಕಮಾಂಡ್ ಪಟ್ಟಿಯಲ್ಲಿ ಒಂದು ಪ್ರಶ್ನೆ ತೋರಿಸ್ತಿತ್ತು: ಕೊನೇ ಭಾಗ ಯಾರ್ದು?

ಆ ಪ್ರಶ್ನೆ ಬಂದಾಗ ಮಾಮ ಕೈ ನಿಲ್ಲಿಸಿ, ತಿರುಗಿ, ಕೂತವರನ್ನ ಕೇಳ್ತಿದ್ರಂತೆ. "ಚೂರುಪಾರು ಉಳೀತೈತಿ, ಯಾರಿಗೆ ಹಾಕಾಣ?" ಸಾಮಾನ್ಯವಾಗಿ ಹಿರಿಯ "ಅವಂಗೆ ಹಾಕ್ರಿ" ಅಂತ ಕಲ್ಲುನೆಲ ಬಂದವನನ್ನೋ ಬಾವಿ ಇಲ್ಲದವನನ್ನೋ ತೋರಿಸ್ತಾನೆ. ಎಲ್ಲರೂ ಹೂಂ ಅಂದ್ಮೇಲೆ ಮಾಮ ಆ ಭಾಗವನ್ನ ಕೊನೆಗೆ ಕ್ಲಿಕ್ ಮಾಡೋರು. ಕಂಪ್ಯೂಟರ್ ತಾನೇ 2.34 ಅಂತ ಬರೆಯೋದು. ಕೂಡಿದ್ರೆ ಪಹಣಿಯಲ್ಲಿದ್ದಷ್ಟೇ ಬರೋದು. ನಾನು ಎಲ್ಲವನ್ನೂ ಒಂದೇ ಸಲ ಆರಿಸೋ ಸೌಲಭ್ಯ ಕೊಟ್ಟು ಆ ಪ್ರಶ್ನೆಯನ್ನೇ ಕಿತ್ತುಹಾಕಿದ್ದೆ.

"ನಿನ್ನ ಪ್ರೋಗ್ರಾಮು ಚಲೋ ಐತಿ ಅಳಿಯಾ. ಆದ್ರ ಅದರೊಳಗ ನನಗ ಕೈ ಹಾಕಾಕ ಬರಂಗಿಲ್ಲ" ಅಂದ್ರು. ಬೈದಿದ್ರೆ ಚೆನ್ನಾಗಿತ್ತು.

ಅವರ ಮಾತು ಸರಿ. ಡಿಎಲ್‌ಎಲ್ ಅಂದ್ರೆ ಬಾಯಿ ಹೊಲಿದ ಚೀಲ. ಏನು ತಪ್ಪಾಗಿದೆ ಅಂತ ಮಾಮನಿಗೆ ಮಂಗಳವಾರ ಮಧ್ಯಾಹ್ನವೇ ಗೊತ್ತಿತ್ತು. ತಿದ್ದೋಕೆ ವಿಷುಯಲ್ ಸ್ಟುಡಿಯೋ ಬೇಕು, ನನ್ನ ಸೋರ್ಸ್ ಕೋಡ್ ಬೇಕು, ಸಿ-ಶಾರ್ಪ್ ಬರಬೇಕು, ಅಂದ್ರೆ ಒಟ್ಟಿನಲ್ಲಿ ನಾನು ಬೇಕು. ನಾನೋ ಶನಿವಾರದವರೆಗೆ ಸಿಗಲ್ಲ.

ಮೊದಲು ಪೈಥಾನ್ ಯೋಚನೆ ಬಂತು. ಫ್ರೀಕ್ಯಾಡ್ ಅಂತ ಒಂದು ಮುಕ್ತ ತಂತ್ರಾಂಶ ಇದೆ, 2024ರ ನವೆಂಬರಿನಲ್ಲಿ ಅದರ 1.0 ಆವೃತ್ತಿ ಬಂತು. ನೀವು ಮೌಸಿನಲ್ಲಿ ಮಾಡಿದ ಕೆಲಸ ಅದರಲ್ಲಿ ಪೈಥಾನ್ ಸಾಲಾಗಿ ಕಾಣಿಸುತ್ತೆ, ಅದನ್ನೇ ಎತ್ತಿಕೊಂಡು ಮ್ಯಾಕ್ರೋ ಮಾಡಿಕೊಳ್ಳಬಹುದು. ಕಲಿಯೋರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ. ಒಂದು ಭಾನುವಾರ ಮಾಮನಿಗೆ ತೋರಿಸಿದೆ. ಪೈಥಾನಿನಲ್ಲಿ ಸಾಲಿನ ಮುಂದೆ ಬಿಡೋ ಖಾಲಿ ಜಾಗಕ್ಕೂ ಅರ್ಥ ಇದೆ ಅಂದಾಗ "ಖಾಲಿ ಜಾಗಕ್ಕೂ ಬೆಲೆ ಐತಿ ಅನ್ನು" ಅಂತ ನಕ್ಕರು. ಆದ್ರೆ ಅವರ ಇಪ್ಪತ್ತೈದು ವರ್ಷದ ನಕ್ಷೆಗಳೆಲ್ಲ ಡಿಡಬ್ಲ್ಯುಜಿ ಫೈಲುಗಳು. ಫ್ರೀಕ್ಯಾಡಿನಲ್ಲಿ ಅವನ್ನ ತೆರೆಯೋಕೆ ಹೊರಗಿನ ಪರಿವರ್ತಕ ಜೋಡಿಸಬೇಕು. ತೆರೆದ ಮೇಲೆ ಮಾಮನ ಅಕ್ಷರ, ಅಳತೆ ಗುರುತು ಎಲ್ಲ ಬೇರೆ ಬೇರೆ ರೂಪದಲ್ಲಿ ಕಂಡವು. ಐವತ್ತು ದಾಟಿದವರಿಗೆ ಹೊಸ ಮನೆ ಕಟ್ಟಿಸೋಕೆ ನನಗೆ ಧೈರ್ಯ ಬರ್ಲಿಲ್ಲ. ನೀವು ಈಗ ಶುರು ಮಾಡ್ತಿರೋ ಹುಡುಗರಾದ್ರೆ ಖಂಡಿತ ಅದರಿಂದಲೇ ಶುರು ಮಾಡಿ.

ಲಿಸ್ಪಿಗೇ ವಾಪಸ್ ಬಂದ್ವಿ. ಇನ್ನೊಂದು ನಾಚಿಕೆಯ ವಿಷಯವನ್ನೂ ಇಲ್ಲೇ ಒಪ್ಪಿಕೊಂಡುಬಿಡ್ತೀನಿ. ನಾನು ಹೊಸದಾಗಿ ಬರೆಯೋಕೆ ಕೊಟ್ಟ ದೊಡ್ಡ ಕಾರಣ ಕನ್ನಡ ಅಲ್ವಾ? ಆಟೋಲಿಸ್ಪಿಗೆ 2021ರ ಆವೃತ್ತಿಯಲ್ಲೇ ಯುನಿಕೋಡ್ ಬಂದಿತ್ತು. ವಿಎಸ್ ಕೋಡಿನಲ್ಲಿ ಬರೆಯೋಕೆ ಕಂಪನಿಯವರೇ ಎಕ್ಸ್‌ಟೆನ್ಷನ್ ಕೊಟ್ಟಿದ್ರು. ಕಂಸಕ್ಕೆ ಕಂಸ ಹೊಂದಿಸಿ ತೋರಿಸುತ್ತೆ, ನಡುವೆ ನಿಲ್ಲಿಸಿ ಒಂದೊಂದೇ ಸಾಲು ಓಡಿಸಿ ನೋಡಬಹುದು. ದಿನಾ ಇದೇ ತಂತ್ರಾಂಶದ ಮೇಲೆ ಅನ್ನ ತಿನ್ನೋ ನನಗೆ ಇದು ಗೊತ್ತಿರ್ಲಿಲ್ಲ. ಲಿಸ್ಪ್ ಅಂದ್ರೆ ಮುಗಿದ ಕಥೆ ಅಂದುಕೊಂಡು ಆ ಕಡೆ ನೋಡಿಯೇ ಇರ್ಲಿಲ್ಲ.

ಅವತ್ತು ಶನಿವಾರ ಇಡೀ ದಿನ ಮಾಮ ಟೈಪ್ ಮಾಡಿದ್ರು, ನಾನು ಪಕ್ಕದಲ್ಲಿ ಕೂತೆ. ನುಡಿ ಅಕ್ಷರಗಳನ್ನ ಒಂದೊಂದಾಗಿ ಯುನಿಕೋಡಿಗೆ ತಂದ್ವಿ. ಎ1, ಎ2 ಹಾಗೇ ಉಳಿದವು, "ನನಗ ತಿಳೀತೈತಿ ಬಿಡು" ಅಂದ್ರು. ಬಿಟ್ಟೆ. ನನ್ನ ಕಡೆಯಿಂದ ಹೋದದ್ದು ಪಟ್ಟಿ ಹಾಕೋ ಹತ್ತು ಸಾಲು ಮಾತ್ರ, ಅದನ್ನೂ ಅವರಿಗೆ ಅರ್ಥ ಆಗೋವರೆಗೆ ಮೂರು ಸಲ ಬೇರೆಬೇರೆ ಥರ ಬರೆದ್ವಿ.

ಇದರಿಂದ ಇನ್ನೊಂದು ಅನುಕೂಲ ಆಯ್ತು, ನಾವು ಎಣಿಸಿರದ್ದು. 2025ರಲ್ಲಿ ಆ ಹರಪನಹಳ್ಳಿಯ ಇಂಜಿನಿಯರ್ ಆಫೀಸ್ ಮುಚ್ಚಿದ್ರು. ಪಾಲಿನ ಲೈಸೆನ್ಸ್ ಹೋಯ್ತು, ಮಾಮ ಅಗ್ಗದ ಆಟೋಕ್ಯಾಡ್ ಎಲ್‌ಟಿ ತೆಗೆದುಕೊಂಡ್ರು. ಎಲ್‌ಟಿಯಲ್ಲಿ ಡಾಟ್‌ನೆಟ್ ಪ್ಲಗಿನ್ ಓಡಲ್ಲ, ನನ್ನ ಚೆಂದದ ಕಿಟಕಿ ತೆರೆಯೋದೇ ಇಲ್ಲ. ಆದ್ರೆ 2024ರ ಆವೃತ್ತಿಯಿಂದ ಎಲ್‌ಟಿಗೂ ಆಟೋಲಿಸ್ಪ್ ಕೊಟ್ಟಿದ್ದಾರೆ. ಮಾಮನ ಫೈಲ್ ಹಾಗೇ ಓಡಿತು.

ಅಣ್ಣತಮ್ಮಂದಿರದ್ದು? ಸೋಮವಾರ ಹಿರಿಯರನ್ನ ಕರೆಸಿ, ಎಲ್ಲರ ಎದುರು ಪ್ರಶ್ನೆ ಕೇಳಿ, ಮತ್ತೆ ನಕ್ಷೆ ತೆಗೆದ್ರಂತೆ. ರುಜು ಆಯ್ತು, ಆಮೇಲೆ ಸರ್ವೆಯೂ ಆಯ್ತು. ಕೊನೆಯ ತಮ್ಮ ಮಾತ್ರ ಮಾಮನ ಅಂಗಡಿ ಮುಂದೆ ಹಾದುಹೋಗುವಾಗ ಈಗಲೂ ಮುಖ ಆ ಕಡೆ ಮಾಡ್ಕೊಂಡು ಹೋಗ್ತಾನೆ. ಅದು ನನ್ನ ಲೆಕ್ಕದಲ್ಲಿ ಇರೋ ಬಾಕಿ, ಯಾವ ಆವೃತ್ತಿಯಲ್ಲೂ ಸರಿಮಾಡೋಕೆ ಬರಲ್ಲ.

ಮೊನ್ನೆ ರಾತ್ರಿ ಮಾಮ ವಾಟ್ಸಾಪಿನಲ್ಲಿ ಫೈಲ್ ಕಳಿಸಿದ್ದಾರೆ. ದಾವಣಗೆರೆ ಕಡೆಯ ಗಿರಾಕಿಗೆ ಗುಂಟೆ ಲೆಕ್ಕ ಬೇಕಿತ್ತಂತೆ, ತಾವೇ ಸೇರಿಸಿದ್ದಾರೆ. 435.6 ಇದ್ದಲ್ಲಿ 1089, ಪಕ್ಕದಲ್ಲಿ ಈ ಸಲ ಕನ್ನಡ ಅಕ್ಷರದಲ್ಲೇ ಟಿಪ್ಪಣಿ: "ಗುಂಟೆ, 33 ಅಡಿಗೆ 33 ಅಡಿ". ಲೋಡ್ ಮಾಡಿದ್ರೆ "ಮಾಲ್‌ಫಾರ್ಮ್ಡ್ ಲಿಸ್ಟ್ ಆನ್ ಇನ್‌ಪುಟ್" ಅಂತ ಬಂತು. ಎಲ್ಲೋ ಒಂದು ಕಂಸ ಮುಚ್ಚಿಲ್ಲ. ಹುಡುಕಿ ಹಾಕೋಣ ಅಂತ ಶುರು ಮಾಡಿದೆ, ಅಷ್ಟರಲ್ಲಿ ಇನ್ನೊಂದು ಮೆಸೇಜ್.

"ತಡಿ ಅಳಿಯಾ, ಮುಟ್ಟಬ್ಯಾಡ. ಒಂದು ಕಂಸ ಬಿಟ್ಟೀನಿ. ನಾನೇ ಹುಡುಕ್ತೀನಿ."